ಹಂಡೆ ಉಕ್ಕುವ ಹೊತ್ತು

ಮೇ 14, ಬುಧವಾರ

ಡಾಕ್ಟರಮ್ಮ ಈ ನೋಟ್‌ಬುಕ್ ಕೊಟ್ಟಿದ್ದಾಳೆ. ನನ್ನ ತೋಳಿನಿಂದ ಬಿ.ಪಿ. ಪಟ್ಟಿ ಬಿಚ್ಚುತ್ತ, "ಅರ್ಡಿಸ್, ಕೂಗಬೇಕು ಅನ್ನಿಸಿದಾಗೆಲ್ಲ ಇದರಲ್ಲಿ ಬರೀರಿ. ಕೂಗೋದು ಬೇಡ" ಎಂದಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ದೋಣಿಯಲ್ಲಿ ಮೀನು ಹೆರೆದವಳು, ನನಗೆ ಬರೆಯುವುದಕ್ಕಿಂತ ಕೂಗುವುದು ಸುಲಭ ಎಂದೆ. ಅದಕ್ಕೇ ಬರೀರಿ ಎಂದಳು. ಎಪ್ಪತ್ತಮೂರು ವಯಸ್ಸಿಗೆ ಹೋಮ್‌ವರ್ಕು.

ಸರಿ. ಬರೆಯುತ್ತೇನೆ. ಇವತ್ತಿನ ಕೋಪ ಊರ ಸಮಿತಿಯ ಮೇಲೆ.

ಸರೋವರದ ದಂಡೆಯಲ್ಲಿ ದೋಣಿಕಟ್ಟೆಯ ಪಕ್ಕದ ಅಂಗಳ ಊರಿನದು, ಹಂಡೆ ನಮ್ಮದು. 1958ರಲ್ಲಿ ನನ್ನ ಮಾವ ಅಲ್ಲಿ ಹಂಡೆ ಇಟ್ಟು ಸೌದೆ ಬೆಂಕಿಯಲ್ಲಿ ಬಿಳಿಮೀನು ಬೇಯಿಸಿ ಬಂದವರಿಗೆ ಬಡಿಸತೊಡಗಿದರು. ಆಮೇಲೆ ನನ್ನ ಗಂಡ ಹ್ಯಾರ್ಲನ್. ಅವನು ಹೋಗಿ ಆರು ವರ್ಷ, ಈಗ ನಾನು. ಸಮಿತಿಯ ಕಾಗದ ಹೇಳುವುದು ಇಷ್ಟು: ಎರಡು ವರ್ಷದಿಂದ ನೀವು ಸೆಪ್ಟೆಂಬರ್ ಮೊದಲ ವಾರಕ್ಕೇ ಮುಚ್ಚುತ್ತಿದ್ದೀರಿ, ಎಲೆ ಕೆಂಪಾಗುವ ಕಾಲಕ್ಕೆ ಬರುವ ಜನ ಹಸಿದುಕೊಂಡು ಪಕ್ಕದ ಊರಿಗೆ ಹೋಗುತ್ತಾರೆ, ಈ ವರ್ಷ ಅಕ್ಟೋಬರ್ ಮೂವತ್ತೊಂದರವರೆಗೆ ನಡೆಸದಿದ್ದರೆ ಅಂಗಳವನ್ನು ಪ್ಲಾಸ್ಟಿಕ್ ದೋಣಿ ಬಾಡಿಗೆಗೆ ಕೊಡುವವನಿಗೆ ಕೊಡುತ್ತೇವೆ.

ಮುಚ್ಚಿದ್ದು ನನಗೇನು ಖುಷಿಗಾ? ಬೆಂಕಿ ನೋಡಿಕೊಳ್ಳಲು ಒಬ್ಬರು ಬೇಕು, ಬೆಂದ ಮೀನಿನ ಬುಟ್ಟಿಯನ್ನು ಕೋಲು ಹಾಕಿ ಹಂಡೆಯಿಂದ ಎತ್ತಲು ಇಬ್ಬರು ಬೇಕು. ಊರಿನವರು ಯಾರೂ ಬರುವುದಿಲ್ಲ. ಸೋಮಾರಿಗಳು. ಅದಕ್ಕೇ ಈ ಸಲ ಏಜೆನ್ಸಿಗೆ ಹೇಳಿ ಪರದೇಶದಿಂದ ಕಾಲೇಜು ಮಕ್ಕಳನ್ನು ತರಿಸುತ್ತಿದ್ದೇನೆ. ಬೇಸಿಗೆ ರಜೆಗೆ ವೀಸಾ ಕೊಡುತ್ತಾರೆ, ಕೆಲಸ ಮಾಡಿ, ದೇಶ ನೋಡಿ, ಹೋಗುತ್ತಾರೆ. ನಾಲ್ಕು ಜನ ಬರುತ್ತಾರೆ.

ಮೇ 20

ಇಬ್ಬರಂತೆ.

ಇನ್ನಿಬ್ಬರಿಗೆ ವೀಸಾ ಸಿಗಲಿಲ್ಲ ಎಂದು ಏಜೆನ್ಸಿಯ ಹೆಂಗಸು ಫೋನ್ ಮಾಡಿದ್ದಳು. ಗಾಜಿನ ಕಿಟಕಿಯ ಹಿಂದೆ ಕೂತ ಅಧಿಕಾರಿ ಎರಡು ನಿಮಿಷ ಮಾತಾಡಿಸಿ ಆಗುವುದಿಲ್ಲ ಎಂದನಂತೆ.

"ಯಾಕಂತೆ?"

"ಯಾಕೆ ಅಂತ ಅವರು ಹೇಳಲ್ಲ, ಮಿಸೆಸ್ ಟೋಲೆಫ್ಸನ್. ಇಬ್ಬರಾದ್ರೂ ಬರ್ತಿದ್ದಾರಲ್ಲ."

"ನಾಲ್ಕು ಮೊಟ್ಟೆ ಕೇಳಿದವರಿಗೆ ಎರಡು ಕೊಟ್ಟು, ಎರಡಾದ್ರೂ ಬಂತಲ್ಲ ಅಂತೀರಾ?"

ಅವಳು ಇನ್ನೊಂದು ಹೇಳಿದಳು. ಸೆಪ್ಟೆಂಬರ್ ಒಂಬತ್ತಕ್ಕೆ ಮಕ್ಕಳ ಅವಧಿ ಮುಗಿಯುತ್ತದೆ, ಕಾಲೇಜು ಶುರುವಾಗುತ್ತದೆ, ಒಂದು ದಿನವೂ ಹೆಚ್ಚಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾದರೆ ಅಕ್ಟೋಬರ್ ಕೊನೆಯವರೆಗೆ ಬುಟ್ಟಿ ಎತ್ತುವವರು ಯಾರು ಎಂದು ಕೇಳಿದೆ. ಊರಿನವರನ್ನು ಕೇಳಿ ನೋಡಿ ಎಂದಳು. ಕೂಗಿದೆ. ಕೂಗಿದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರಮ್ಮ ಹೇಳಿದ್ದು ಈ ಕ್ರಮ ಅಲ್ಲ.

ಮೇ 22

ಗ್ರೀನ್ ಬೇ ಬಸ್ ನಿಲ್ದಾಣದಿಂದ ಕರೆತಂದೆ. ಹುಡುಗ ಓಷೇನ್, ಜಮೈಕಾದವನು, ಆರಡಿ ಉದ್ದ. ತೆಳು ಅಂಗಿಯಲ್ಲಿ ಇಳಿದು ನಡುಗುತ್ತಿದ್ದ. "ಇದು ಬೇಸಿಗೆನಾ, ಮಿಸ್ ಅರ್ಡಿಸ್?" ಎಂದು ಕೇಳಿದ. ನಾನು ಮಿಸ್ ಅಲ್ಲ, ನಲವತ್ತೊಂದು ವರ್ಷ ಸಂಸಾರ ಮಾಡಿದವಳು ಎಂದೆ. ಅವರಲ್ಲಿ ಎಷ್ಟು ವಯಸ್ಸಾದರೂ ಮರ್ಯಾದೆಗೆ ಹಾಗೇ ಕರೆಯುವುದಂತೆ. ಹ್ಯಾರ್ಲನ್ನನ ಹಳೇ ಕೋಟು ಕೊಟ್ಟೆ. ತೋಳು ಗಿಡ್ಡವಾಯಿತು.

ಹುಡುಗಿಯ ಹೆಸರು ಬೇಗಿಮಾಯ್. ಕಿರ್ಗಿಜ್ ದೇಶ. ಅದೆಲ್ಲಿದೆ ಎಂದು ನಾನು ಕೇಳಲಿಲ್ಲ, ಅವಳೇ ದಾರಿಯುದ್ದಕ್ಕೂ ಹೇಳಿದಳು. ಅವಳ ಊರಲ್ಲೂ ದೊಡ್ಡ ಸರೋವರವಿದೆ, ನೀರು ಉಪ್ಪು, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ನನ್ನನ್ನು "ಅಪಾ" ಎನ್ನುತ್ತಾಳೆ. ಅಮ್ಮನಿಗೂ ಹಾಗೇ, ದೊಡ್ಡ ಹೆಂಗಸರಿಗೂ ಹಾಗೇ. ಉಡುಗೊರೆಯೆಂದು ಬಿಳೀ ಗೋಲಿಗಳ ಚೀಲ ಕೊಟ್ಟಳು. ಸಾಬೂನು ಎಂದುಕೊಂಡು ಬಚ್ಚಲಿನಲ್ಲಿಟ್ಟೆ. ಒಣಗಿಸಿದ ಮೊಸರಂತೆ, ತಿನ್ನುವುದಂತೆ. ಬಚ್ಚಲಿನಿಂದ ತಂದು ತಿಂದೆ. ಹಲ್ಲು ಉಳಿಯಿತು.

ಅವಳಿಗೆ ನನ್ನ ಮಹಡಿಯ ಕೋಣೆ. ಹುಡುಗನಿಗೆ ಏಜೆನ್ಸಿಯವರೇ ರಸೆಲ್‌ನ ಮನೆಯ ಹಿಂಬದಿಯ ಕೋಣೆ ಗೊತ್ತು ಮಾಡಿದ್ದಾರೆ. ರಸೆಲ್ ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು, ಮೊದಲು ನನ್ನ ಬುಟ್ಟಿ ಎತ್ತುತ್ತಿದ್ದ. ನಾವು ಮಾತಾಡುವುದಿಲ್ಲ. ಹುಡುಗನನ್ನು ಗೇಟಿನ ಹತ್ತಿರ ಇಳಿಸಿ ಬಂದೆ.

ಮೇ 24, ಶನಿವಾರ

ಮೊದಲ ಸಂಜೆ. ಏನು ಬರೆಯಲಿ.

ತೊಂಬತ್ತು ಜನ. ಆಲೂಗಡ್ಡೆ ಈರುಳ್ಳಿ ಬೆಂದಿದ್ದವು, ಮೀನು ಹಾಕಿ ಹತ್ತು ನಿಮಿಷವಾಗಿತ್ತು, ಮೀನಿನೆಣ್ಣೆ ಹಳದಿ ನೊರೆಯಾಗಿ ಮೇಲೆ ತೇಲುತ್ತಿತ್ತು. ಆ ಹೊತ್ತಿಗೆ ಒಂದು ಡಬ್ಬಿ ಸೀಮೆಎಣ್ಣೆ ಬೆಂಕಿಗೆ ಎರಚಬೇಕು. ಉರಿ ಮನೆಯೆತ್ತರ ಏಳುತ್ತದೆ, ಹಂಡೆ ಉಕ್ಕುತ್ತದೆ, ನೊರೆಯೆಲ್ಲ ಹೊರಗೆ ಚೆಲ್ಲಿ ಬೆಂಕಿಯನ್ನೂ ಅರ್ಧ ಆರಿಸುತ್ತದೆ, ಮೀನು ಶುದ್ಧವಾಗುತ್ತದೆ. ಜನ ಬರುವುದೇ ಅದನ್ನು ನೋಡಲು. ನಮ್ಮೂರಲ್ಲಿ ತೊಟ್ಟಿಲ ಮಗುವಿಗೂ ಇದು ಗೊತ್ತು. ಓಷೇನನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅದು?

ನಾನು ಎರಚಿದೆ. ಉರಿ ಎದ್ದಿತು. ಹುಡುಗನಿಗೆ ಕಂಡದ್ದು ಬೆಂಕಿಯ ಗೋಡೆಯ ಪಕ್ಕ ಒಬ್ಬ ಮುದುಕಿ. ಕೈಗೆ ಸಿಕ್ಕಿದ್ದು ನಿಂಬೆ ಷರಬತ್ತಿನ ದೊಡ್ಡ ಬಕೆಟ್ಟು. ಇಡೀ ಬಕೆಟ್ಟನ್ನು ನನ್ನ ಮೇಲೆ, ಬೆಂಕಿಯ ಮೇಲೆ, ಹಂಡೆಯ ಮೇಲೆ ಸುರಿದು ನನ್ನನ್ನು ಸೊಂಟಕ್ಕೆ ಕೈಹಾಕಿ ಎತ್ತಿಕೊಂಡು ದೋಣಿಕಟ್ಟೆಯವರೆಗೆ ಓಡಿದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರತಿ ವರ್ಷ ಬರುವ ಮಿಲ್ವಾಕೀಯ ದಂಪತಿ, ಈ ಸಲದ ಆಟ ಚೆನ್ನಾಗಿದೆ, ಮೀನಿಗೆ ನಿಂಬೆಯ ಸಿಹಿ ಹಿಡಿದಿದೆ ಎಂದರು.

ನನ್ನ ಕೂದಲು ಇನ್ನೂ ಅಂಟು.

ಮೇ 25

ಬೆಳಿಗ್ಗೆ ಹುಡುಗನಿಗೆ "ನಿನ್ನ ಕೆಲಸ ಮುಗೀತು, ಹೋಗು" ಎಂದೆ.

"ಸರಿ, ಮಿಸ್ ಅರ್ಡಿಸ್" ಎಂದು ಜೇಬಿನಿಂದ ಕಾಗದ ತೆಗೆದ. "ತೆಗೆಯೋದಾದ್ರೆ ನೀವು ಏಜೆನ್ಸಿಗೆ ಕಾರಣ ಸಮೇತ ಬರ್ದು ಕೊಡ್ಬೇಕು. ಈ ಫಾರ್ಮು. ಎರಡು ಪುಟ."

"ಎರಡು ಪುಟಾನಾ?"

"ಹಿಂದೆ ಮುಂದೆ."

ಕೂತೆ. ಕಾರಣ ಎಂಬಲ್ಲಿ ಏನು ಬರೆಯುವುದು? 'ನಾನು ಸುಟ್ಟುಹೋಗುತ್ತೇನೆಂದು ಹೆದರಿ ಎತ್ತಿಕೊಂಡು ಓಡಿದ' ಎಂದೇ? ಮೂರು ಸಲ ಬರೆದೆ, ಮೂರು ಸಲ ಹೊಡೆದು ಹಾಕಿದೆ. ಅವನು ಅಷ್ಟು ಹೊತ್ತೂ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಹೋಗಿ ಸೌದೆ ಒಡಿ" ಎಂದೆ.

ಜೂನ್ 5

ಗುರುವಾರದಿಂದ ಭಾನುವಾರದವರೆಗೆ ಹಂಡೆ. ಉಳಿದ ದಿನ ಸೌದೆ, ಆಲೂಗಡ್ಡೆ, ತೊಳೆಯುವುದು.

ಬುಟ್ಟಿ ಎತ್ತುವುದನ್ನು ಇಬ್ಬರಿಗೂ ಕಲಿಸಿದೆ. ಕೋಲು ಹೆಗಲ ಮೇಲೆ, ಒಂದೇ ಉಸಿರಲ್ಲಿ ಏಳಬೇಕು, ಒಬ್ಬರು ಮೊದಲೆದ್ದರೆ ಮೀನು ಹುಲ್ಲಿನ ಪಾಲು. ಹುಡುಗ ಉದ್ದ, ಹುಡುಗಿ ಗಿಡ್ಡ, ಬುಟ್ಟಿ ಅವಳ ಕಡೆಗೇ ಜಾರುತ್ತದೆ. ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ. ಹುಡುಗಿಯ ಮುಖ ಅರಳಿತು.

"ಏನೇ, ನಗ್ತೀಯಾ?"

"ಇಲ್ಲ ಅಪಾ, ಸಮಾಧಾನ ಆಯ್ತು. ಬಂದಾಗಿಂದ ನೀವು ಗಟ್ಟಿಯಾಗಿ ಮಾತಾಡಿರ್ಲಿಲ್ಲ. ನಮ್ಮನೇಲಿ ಅಜ್ಜಿ ಸುಮ್ಮನಿದ್ರೆ ಎಲ್ರೂ ಹೆದರ್ತೀವಿ."

ಅವಳ ಕಾಲಡಿಗೆ ಹಲಗೆ ಹಾಕಿ ಎತ್ತರ ಮಾಡಿದ್ದು ಹುಡುಗನ ಉಪಾಯ. ಬುಟ್ಟಿ ನೆಟ್ಟಗೆ ಎದ್ದಿತು.

ಜೂನ್ 15

ಓಷೇನ್ ನನ್ನನ್ನು ಕೇಳದೆ ಮೀನಿನ ಮೇಲೆ ಸುರಿಯುವ ಕಾದ ಬೆಣ್ಣೆಗೆ ಅವರ ದೇಶದ ಮೆಣಸಿನಕಾಯಿ ಹಾಕಿದ. ಅರವತ್ತೇಳು ವರ್ಷದಿಂದ ಈ ಬೆಣ್ಣೆಯಲ್ಲಿ ಬೆಣ್ಣೆ ಬಿಟ್ಟು ಬೇರೇನೂ ಇರಲಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಸೌಟು ಕೇಳಿದರು. ಬೈದು ಬಿಟ್ಟೆ. ಗುರುವಾರದಿಂದ ಎರಡು ಪಾತ್ರೆ, ಒಂದು ನಮ್ಮದು, ಒಂದು ಅವನದು, ಅಷ್ಟೇ ಎಂದೆ.

ಅವನದನ್ನು ಹಾಕಿಕೊಂಡು ಎರಡು ತಟ್ಟೆ ತಿಂದೆ. ಖಾರ ಎಷ್ಟಿದೆ ಎಂದು ನೋಡಲು.

ಜೂನ್ 30, ಸೋಮವಾರ

ಪ್ರತಿ ಸೋಮವಾರ ಬೇಗಿಮಾಯ್ ಎಲ್ಲಿಗೋ ಹೋಗುತ್ತಾಳೆ, ಬಂದಾಗ ಅಂಗಿಯ ಮೇಲೆ ಹಿಟ್ಟು. ಇವತ್ತು ಕೇಳಿದೆ.

"ಎದುರು ಮನೆಗೆ. ಲೊರೇನ್ ಅಪಾ ಹತ್ರ ಪೈ ಕಲೀತಿದ್ದೀನಿ."

ಲೊರೇನ್ ಹ್ಯಾರ್ಲನ್ನನ ತಂಗಿ. ಮೊದಲು ಹಂಡೆಯೂಟಕ್ಕೆ ಹಿಟ್ಟಿನೊಳಗೆ ಚೆರ್ರಿ ತುಂಬಿ ಬೇಯಿಸುವ ಪೈ ಮಾಡುತ್ತಿದ್ದಳು. ಹ್ಯಾರ್ಲನ್ ತೀರಿಕೊಂಡ ವರ್ಷ, ಹೊರಹಿಟ್ಟು ದಪ್ಪವಾಗಿದೆ ಎಂದು ನಾನು ಒಂದು ಮಾತು ಹೇಳಿದೆ, ಅವಳು ಏಪ್ರನ್ ಬಿಚ್ಚಿಟ್ಟು ಹೋದಳು. ಆರು ವರ್ಷ. ನಡುವೆ ಇರುವುದು ಒಂದು ರಸ್ತೆ. ಆವತ್ತಿನಿಂದ ನಾನು ಅಂಗಡಿಯ ಡಬ್ಬಿ ಪೈ ಕೊಡುತ್ತೇನೆ.

"ಅವಳ ಹತ್ರ ಯಾಕೆ ಹೋದೆ?"

"ನಮ್ಮ ಪೈ ಚೆನ್ನಾಗಿಲ್ಲ, ಅಪಾ. ಜನ ಅರ್ಧ ಬಿಡ್ತಾರೆ. ತಟ್ಟೆ ತೊಳೆಯೋಳು ನಾನು, ನನಗೆ ಗೊತ್ತು."

ಹೀಗೆ ಮುಖದ ಮೇಲೆ ಹೇಳುವವರನ್ನು ನಾನು ಈ ಊರಲ್ಲಿ ಕಂಡಿಲ್ಲ, ನನ್ನನ್ನು ಬಿಟ್ಟು. ಅವಳು ಮೇಜಿನ ಮೇಲೆ ಪೈ ಇಟ್ಟಳು. ತುಂಡು ಬಾಯಿಗಿಟ್ಟಾಗಲೇ ತಿಳಿಯಿತು, ಹಿಟ್ಟು ಹುಡುಗಿ ನಾದಿದ್ದಲ್ಲ. ಯಾರದು ಎಂದು ಕೇಳಲಿಲ್ಲ. ಗುರುವಾರಕ್ಕೆ ಹನ್ನೆರಡು ಬೇಕು ಎಂದೆ.

ಜುಲೈ 4

ಇನ್ನೂರು ಜನ. ಮೂರು ಸಲ ಹಂಡೆ. ಕಾಲು ನನ್ನದಲ್ಲ. ಸ್ವಾತಂತ್ರ್ಯ ದಿನದ ಪಟಾಕಿಗೆ ಬೇಗಿಮಾಯ್ ಕಿವಿ ಮುಚ್ಚಿಕೊಂಡು ನಕ್ಕಳು. ಪೈ ಒಂದು ಚೂರೂ ಉಳಿಯಲಿಲ್ಲ.

ಜುಲೈ 17, ಗುರುವಾರ

ಏಜೆನ್ಸಿಯ ಹೆಂಗಸು ಹೇಳದೆ ಕೇಳದೆ ಬಂದಳು. ಯಾರೋ ಊಟಕ್ಕೆ ಬಂದವರು ಬರೆದಿದ್ದಾರಂತೆ: ಹಂಡೆಯ ಮುದುಕಿ ವಿದ್ಯಾರ್ಥಿಗಳ ಮೇಲೆ ಕಿರುಚುತ್ತಾಳೆ. ನಿಜವಾದರೆ ಇಬ್ಬರನ್ನೂ ನಾಳೆಯೇ ಬೇರೆ ಕಡೆ ಕಳಿಸುತ್ತೇವೆ, ಇಲ್ಲೇ ಹತ್ತಿರ ಹೋಟೆಲ್ ಒಂದರಲ್ಲಿ ಜಾಗವಿದೆ ಎಂದಳು. ಕೈಯಲ್ಲಿದ್ದ ಸೌಟು ಎಲ್ಲಿಟ್ಟೆನೋ ತಿಳಿಯಲಿಲ್ಲ. ಬುಟ್ಟಿ ಎತ್ತುವವರಿಲ್ಲ ಎಂಬ ಯೋಚನೆಯೇ ಇರಬೇಕು.

ಅವಳು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಕೇಳಿದಳು, ನನ್ನೆದುರಿಗೇ.

"ಕಿರುಚ್ತಾರಾ?"

"ಕಿರುಚ್ತಾರೆ" ಎಂದ ಓಷೇನ್. "ಆದ್ರೆ ಮೇಡಂ, ನಮ್ಮಜ್ಜಿ ಚರ್ಚಲ್ಲಿ ನಿಂತು ಕೂಗಿದ್ರೆ ಸಂತೆಗೆ ಕೇಳ್ತದೆ. ಮಿಸ್ ಅರ್ಡಿಸ್ ಕೂಗಿದ್ರೆ ದೋಣಿಕಟ್ಟೆ ದಾಟಲ್ಲ. ಇನ್ನೂ ಅಭ್ಯಾಸ ಬೇಕು."

"ನಾನು ತಮಾಷೆ ಕೇಳೋಕೆ ಬಂದಿಲ್ಲ."

ಬೇಗಿಮಾಯ್ ಹೇಳಿದಳು: "ನನ್ನ ಗೆಳತಿ ಆ ಹೋಟೆಲಲ್ಲೇ ಇದ್ದಾಳೆ. ಅಲ್ಲಿ ಯಾರೂ ಕೂಗಲ್ಲ. ನಗ್ತಾ ನಗ್ತಾ ಹದಿನೈದು ದಿನದಿಂದ ಒಂದು ರಜೇನೂ ಕೊಟ್ಟಿಲ್ಲ. ಅಪಾ ಕೂಗ್ತಾರೆ, ಆಮೇಲೆ ತಟ್ಟೆ ತುಂಬ್ತಾರೆ. ಮೊನ್ನೆ ನನಗೆ ಜ್ವರ ಬಂದಾಗ ಹಂಡೆ ನಿಲ್ಲಿಸಿ ಸೂಪು ಮಾಡಿದ್ರು. ಸೂಪು ಚೆನ್ನಾಗಿರ್ಲಿಲ್ಲ. ನಾವು ಎಲ್ಲಿಗೂ ಹೋಗಲ್ಲ."

ಹಂಡೆ ನಿಲ್ಲಿಸಲಿಲ್ಲ ನಾನು. ಮಳೆ ಬರುವ ಹಾಗಿತ್ತು.

ಹೆಂಗಸು ಬರೆದುಕೊಂಡು, ಊಟ ಮಾಡಿಕೊಂಡು, ಖಾರದ ಬೆಣ್ಣೆ ಇನ್ನೊಂದು ಸಲ ಹಾಕಿಸಿಕೊಂಡು ಹೋದಳು. ಹೋಗುವಾಗ ದನಿ ಸ್ವಲ್ಪ ತಗ್ಗಿಸಿ ಎಂದಳು. ಸಂಜೆಯೆಲ್ಲ ತಗ್ಗಿಸಿದೆ. ಅಂಗಳದಲ್ಲಿ ಮೂರು ಜನ ನನಗೆ ಹುಷಾರಿಲ್ಲವೇ ಎಂದು ಕೇಳಿದರು.

ಆಗಸ್ಟ್ 6

ಡಾಕ್ಟರಮ್ಮ ಪಟ್ಟಿ ಕಟ್ಟಿ ಎರಡು ಸಲ ನೋಡಿದಳು. ಬಹಳ ಇಳಿದಿದೆ, ಮಾತ್ರೆ ಹಿಡಿಸಿದೆ ಎಂದಳು. ಮಾತ್ರೆ ಡಬ್ಬಿ ಜೂನ್‌ನಲ್ಲೇ ಖಾಲಿಯಾಗಿತ್ತು, ತರಲು ಮರೆತೇ ಹೋಗಿತ್ತು. ಅವಳು ಸಂತೋಷವಾಗಿದ್ದಳು, ನಾನು ಯಾಕೆ ಹೇಳಲಿ. ಬರುವಾಗ ತೆಗೆದುಕೊಂಡು ಬಂದೆ.

ಆಗಸ್ಟ್ 12

ಸೆಪ್ಟೆಂಬರ್ ಒಂಬತ್ತಕ್ಕೆ ಇನ್ನು ನಾಲ್ಕು ವಾರ. ದಿನಸಿ ಅಂಗಡಿಯ ಬೋರ್ಡಿಗೆ ಚೀಟಿ ಅಂಟಿಸಿ ಹತ್ತು ದಿನವಾಯಿತು: 'ಶರತ್ಕಾಲಕ್ಕೆ ಬುಟ್ಟಿ ಎತ್ತುವವರು ಇಬ್ಬರು ಬೇಕು, ಅರ್ಡಿಸ್ ಟೋಲೆಫ್ಸನ್.' ಒಂದು ಫೋನೂ ಇಲ್ಲ. ಅದೇ ಬೋರ್ಡಿನಲ್ಲಿ ನಾಯಿ ಕಳೆದಿದೆ ಎಂಬ ಚೀಟಿಗೆ ಆಗಲೇ ನಾಯಿ ಸಿಕ್ಕಿದೆ.

ಓಷೇನ್ ಸೌದೆ ಒಡೆಯುತ್ತ ಕೇಳಿದ, "ಊರಿನವ್ರು ಯಾಕೆ ಬರಲ್ಲ, ಮಿಸ್ ಅರ್ಡಿಸ್?"

"ಸೋಮಾರಿಗಳು."

ಎರಡು ಕೊರಡು ಒಡೆದ. "ಮಿಸ್ಟರ್ ರಸೆಲ್ ಬೆಳಿಗ್ಗೆ ಐದಕ್ಕೇಳ್ತಾರೆ. ತಮ್ಮ ಸೌದೆ ಮುಗಿದ್ರೆ ಪಕ್ಕದ ಮನೇದು ಒಡೀತಾರೆ."

"ಹಾಗಾದ್ರೆ ಅವನನ್ನೇ ಕೇಳು ಯಾಕೆ ಬರಲ್ಲ ಅಂತ."

"ಕೇಳಿದ್ದೀನಿ."

"ಏನಂದ?"

"ಅದು ಅವರು ಹೇಳ್ಬೇಕಾದ ಮಾತು. ನಂದಲ್ಲ."

ಮೂರು ವರ್ಷದ ಹಿಂದೆ ರಸೆಲ್ ಬುಟ್ಟಿ ಬೀಳಿಸಿದ. ನಲವತ್ತು ತುಂಡು ಮೀನು ಹುಲ್ಲಿನ ಮೇಲೆ. ಎಪ್ಪತ್ತು ಜನರೆದುರಿಗೆ ನಾನು ಏನೋ ಅಂದೆ. ಅವನ ಹೆಂಡತಿಯೂ ಇದ್ದಳು, ಮೊಮ್ಮಕ್ಕಳೂ. ಬೀಳಿಸಿದ್ದು ಅವನೇ ತಾನೆ. ಕೋಲು ಹಳೆಯದಿತ್ತು ಎಂದು ಆಮೇಲೆ ನೋಡಿದಾಗ ತಿಳಿಯಿತು, ಅದು ಬೇರೆ ಮಾತು.

ಆಗಸ್ಟ್ 13

ನಿದ್ದೆ ಬರಲಿಲ್ಲ. ಕೋಲಿಗೆ ಬಿರುಕಿತ್ತು. ಕೊಂಡು ತಂದವಳು ನಾನು.

ಆಗಸ್ಟ್ 14

ಎಳೇ ಆಲೂಗಡ್ಡೆ ಒಂದು ಬಕೆಟ್ಟು, ಎರಡು ದೊಡ್ಡ ಬಿಳಿಮೀನು ರಸೆಲ್‌ನ ಬಾಗಿಲಲ್ಲಿಟ್ಟು ಬಂದೆ. ಒಂದು ಚೀಟಿಯನ್ನೂ ಇಟ್ಟೆ: 'ಕೋಲಿನ ತಪ್ಪು. ಅರ್ಡಿಸ್.' ಕ್ಷಮೆ ಕೇಳಿದ್ದಲ್ಲ. ಆಲೂಗಡ್ಡೆ ಹೆಚ್ಚಾಗಿತ್ತು.

ಆಗಸ್ಟ್ 24

ಬೇಗಿಮಾಯ್ ಅಂಗಳದಲ್ಲಿ ಕುದುರೆಯ ಹಾಡು ಹೇಳಿದಳು. ನಮಗ್ಯಾರಿಗೂ ಒಂದಕ್ಷರ ತಿಳಿಯದಿದ್ದರೂ ಜನ ಫೋರ್ಕಿನಿಂದ ತಟ್ಟೆ ಬಡಿದು ತಾಳ ಹಾಕಿದರು. ಊಟದ ಅಂಗಳದಲ್ಲಿ ಹಾಡು ಕೂಡದೆಂದು ಹ್ಯಾರ್ಲನ್ನನ ಕಾಲದಿಂದ ಕಟ್ಟಳೆಯಿತ್ತು. ಯಾಕಿತ್ತೋ ನೆನಪಿಲ್ಲ. ಓಷೇನ್ ಹತ್ತರಿಂದ ಕೆಳಗೆ ಎಣಿಸುವುದನ್ನು ಶುರುಮಾಡಿದ್ದಾನೆ, ಒಂದು ಎಂದಾಗ ನಾನು ಎರಚಬೇಕು. ಮೊದಲ ದಿನ ನನ್ನನ್ನು ಕೇಳದೆ ಎಣಿಸಿದ. ಬೇಕೆಂದೇ ಮೂರಕ್ಕೇ ಎರಚಿದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಈಗ ದಿನಾ ಯಾವ ಅಂಕೆಗೆ ಎರಚುತ್ತೇನೆಂದು ಅವರವರಲ್ಲೇ ಪಂಥ.

ಚೀಟಿಗೆ ಇನ್ನೂ ಯಾರೂ ಫೋನ್ ಮಾಡಿಲ್ಲ.

ಸೆಪ್ಟೆಂಬರ್ 5

ಮಕ್ಕಳಿಬ್ಬರೂ ಸಂಜೆ ಕೆಲಸ ಮುಗಿದೊಡನೆ ಮಾಯ. ಒಬ್ಬ ರಸೆಲ್‌ನ ಹಿತ್ತಲಿಗೆ, ಒಬ್ಬಳು ಲೊರೇನಳ ಅಡುಗೆಮನೆಗೆ. ಹೋಗುವ ಮುಂಚೆ ಸ್ನೇಹಿತರ ಜೊತೆ ಇರಲಿ ಬಿಡು ಎಂದುಕೊಂಡೆ. ನನ್ನ ಜೊತೆ ಒಂದು ಸಂಜೆ ಕೂರಬಹುದಿತ್ತು.

ಸಮಿತಿಯ ಅಧ್ಯಕ್ಷೆ ಅಂಗಡಿಯಲ್ಲಿ ಸಿಕ್ಕಿ, "ಈ ಸಲ ನಡೀತದಲ್ವಾ, ಅರ್ಡಿಸ್?" ಎಂದಳು. ನಡೆಯುತ್ತದೆ ಎಂದೆ. ಸುಳ್ಳು.

ಸೆಪ್ಟೆಂಬರ್ 9, ಮಂಗಳವಾರ

ಬಸ್ಸು ಹತ್ತೂವರೆಗೆ ಇತ್ತು. ಡ್ರೈವರು ಓಷೇನನ ಚೀಲವನ್ನು ಎಸೆದ ರೀತಿಗೆ ಅವನಿಗೆ ಸರಿಯಾಗಿ ಬೈದೆ. ಚೀಲದಲ್ಲಿ ಲೊರೇನಳ ಚೆರ್ರಿ ಜಾಮು ಇತ್ತು.

ಓಷೇನ್ ಕೋಟು ವಾಪಸ್ ಕೊಟ್ಟ. ಇಟ್ಟುಕೋ ಎಂದೆ. "ಜಮೈಕಾದಲ್ಲಿ ಕೋಟು ಯಾಕೆ, ಮಿಸ್ ಅರ್ಡಿಸ್?" ಎಂದು ಕೇಳಿ, ಆಮೇಲೆ ಏನನ್ನಿಸಿತೋ ಮಡಚಿ ಕಂಕುಳಲ್ಲಿಟ್ಟುಕೊಂಡ.

ಬೇಗಿಮಾಯ್ ನನ್ನನ್ನು ಅಪ್ಪಿಕೊಂಡು ಬಿಡಲಿಲ್ಲ. ಅವಳ ತಲೆ ನನ್ನ ಗದ್ದಕ್ಕೆ ಬರುತ್ತದೆ. "ಶುಕ್ರವಾರದವರೆಗೆ ಹಂಡೆ ಇಳಿಸ್ಬೇಡಿ, ಅಪಾ."

"ಯಾಕೆ?"

"ಸುಮ್ನೆ. ಮಾತು ಕೊಡಿ."

ಕೊಟ್ಟೆ. ಬಸ್ಸು ಹೋಯಿತು. ದಾರಿಯಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ.

ಸೆಪ್ಟೆಂಬರ್ 10

ಮಹಡಿಯಲ್ಲಿ ಸದ್ದಿಲ್ಲ.

ಸೆಪ್ಟೆಂಬರ್ 11

ಗುರುವಾರ. ಅಂಗಳದಲ್ಲಿ 'ಇಂದು ಇಲ್ಲ' ಎಂದು ಹಲಗೆ ನೇತುಹಾಕಿದೆ. ನಾಳೆ ಒಂದು ದಿನ ಮಾತಿಗೆ ಕಾಯುತ್ತೇನೆ. ಶನಿವಾರ ಹಂಡೆ ಇಳಿಸಿ ಸಮಿತಿಗೆ ಹೇಳುತ್ತೇನೆ. ಕೂಗುವ ಮನಸ್ಸೂ ಇಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮಧ್ಯಾಹ್ನ ಅಂಗಳಕ್ಕೆ ಹೋದರೆ ಹಂಡೆಯ ಕೆಳಗೆ ಸೌದೆ ಜೋಡಿಸಿದೆ, ಓಷೇನ್ ಜೋಡಿಸುವಂತೆ ಅಡ್ಡ ಉದ್ದ. ರಸೆಲ್ ಬಗ್ಗಿ ಕೊನೆಯ ಕೊರಡು ಇಡುತ್ತಿದ್ದ. ಬೆಂಚಿನ ಮೇಲೆ ಆರು ಪೈ. ಅದರ ಪಕ್ಕ ಏಪ್ರನ್ ಕಟ್ಟಿಕೊಂಡು ಲೊರೇನ್.

ನನ್ನ ಬಾಯಿಂದ ಮೊದಲು ಬಂದದ್ದು, "ಯಾರು ಕರೆದ್ರು ನಿಮ್ಮನ್ನ?"

"ಆ ಹುಡುಗ" ಎಂದ ರಸೆಲ್, ಬೆನ್ನು ನೆಟ್ಟಗೆ ಮಾಡುತ್ತ. "ಮೂರು ವಾರ ನನ್ನ ಹಿತ್ತಲಲ್ಲಿ ಬುಟ್ಟಿಗೆ ಕಲ್ಲು ತುಂಬಿ ಎತ್ತಿಸಿದ. ಒಂದೇ ಉಸಿರಲ್ಲಿ, ಮಿಸ್ಟರ್ ರಸೆಲ್. ಇನ್ನೊಂದು ಸಲ, ಮಿಸ್ಟರ್ ರಸೆಲ್. ನನ್ನ ಸೊಂಟ ಕೇಳು."

"ಇನ್ನೊಂದು ಕಡೆ ಯಾರು ಎತ್ತಿದ್ರು?"

"ನಾನು" ಎಂದಳು ಲೊರೇನ್. "ಐವತ್ತು ವರ್ಷ ಹಿಟ್ಟು ನಾದಿದ ತೋಳು ಇದು. ಆ ಹುಡುಗೀಗಿಂತ ನಾನು ಎತ್ತರ ಇದ್ದೀನಿ, ಹಲಗೇನೂ ಬೇಡ."

ಅವಳ ಕಡೆ ನೋಡಿದೆ. ಆರು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ. ರಸ್ತೆಯಾಚೆಯಿಂದ ಕಾಣುತ್ತಿರಲಿಲ್ಲ.

"ಹಾಗೇನು ನೋಡ್ತೀಯ" ಎಂದಳು. "ನಾನು ಬರಲ್ಲ ಅಂತಲೇ ಹೇಳಿದ್ದೆ. ಅರ್ಡಿಸ್ ಬಾಯಿ ನನಗೆ ಗೊತ್ತು ಅಂದೆ. ಆ ಹುಡುಗಿ ಹೇಳಿದ್ಲು, ಅಪಾ ಈಗ ಕಿರುಚೋದು ಗಾಳಿ ಮೇಲೆ ಮಾತ್ರ, ಒಂದು ಸಂಜೆ ಹೋಗಿ ನೋಡಿ ಅಂತ. ನೋಡೋಕೆ ಬಂದಿದ್ದೀನಿ. ನನ್ನ ಮೇಲೆ ಕಿರುಚಿದ್ರೆ ಪೈ ಎತ್ಕೊಂಡು ಹೊರಟೆ."

"ಗಾಳಿ ಮೇಲೆ ನಾನ್ಯಾವಾಗ ಕಿರುಚಿದೆ?"

"ದಿನಾ ಸಂಜೆ ಐದೂವರೆಗೆ, ಬೆಂಕಿ ಹೊತ್ತಿಸುವಾಗ" ಎಂದ ರಸೆಲ್. "ನಮ್ಮನೇಲಿ ಅದನ್ನ ಕೇಳೇ ಕಾಫಿ ಇಡೋದು."

'ಇಂದು ಇಲ್ಲ' ಹಲಗೆ ತೆಗೆದುಹಾಕಿದೆ. ಮೂವತ್ತೆಂಟು ಜನ ಬಂದರು. ಬಡಿಸಲು ಕೈ ಸಾಲದೆ ಜನರೇ ತಟ್ಟೆ ಹಿಡಿದು ಹಂಡೆಯ ಹತ್ತಿರ ಸಾಲಾದರು. ಬುಟ್ಟಿ ನೆಟ್ಟಗೆ ಎದ್ದಿತು. ರಸೆಲ್ ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದ. ಚೆನ್ನಾಗಿತ್ತು ಎಂದೆ. ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ.

ಅಕ್ಟೋಬರ್ 4

ಮೇಪಲ್ ಕೆಂಪಾಗಿದೆ. ಅಂಗಳ ತುಂಬಿದೆ. ಪೈಗೆ ಸಕ್ಕರೆ ಎಷ್ಟು ಎಂದು ಲೊರೇನ್ ಜೊತೆ ಬೆಳಿಗ್ಗೆಯೆಲ್ಲ ಜಗಳ. ಅವಳು ಹೋಗಲಿಲ್ಲ. ನನ್ನ ಕಾಫಿಯನ್ನೂ ಕುಡಿದು ಜಗಳ ಮುಂದುವರಿಸಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅಕ್ಟೋಬರ್ 14

ಮುಂದಿನ ಬೇಸಿಗೆಗೆ ಎಷ್ಟು ವಿದ್ಯಾರ್ಥಿಗಳು ಬೇಕು ಎಂದು ಏಜೆನ್ಸಿಯ ಫಾರ್ಮು ಬಂದಿದೆ. ನಾಲ್ಕು ಪುಟ. ಒಂದೇ ಕೂತಲ್ಲಿ ತುಂಬಿದೆ. 'ಎಷ್ಟು' ಎಂಬಲ್ಲಿ ಎರಡು ಎಂದು ಬರೆದು ಮಕ್ಕಳಿಬ್ಬರ ಹೆಸರೂ ಬರೆದೆ. ಹೆಸರು ಬರೆಯಲು ಅಲ್ಲಿ ಜಾಗವಿಲ್ಲ, ಅಂಚಿನಲ್ಲಿ ಬರೆದೆ. ಅವರೇ ಬರುತ್ತಾರೆಂದು ಖಾತ್ರಿ ಕೊಡಲಾಗದು ಎಂದು ಏಜೆನ್ಸಿಯ ಹೆಂಗಸು ಫೋನಿನಲ್ಲಿ ಹೇಳಿದಳು. ಕೇಳಿ ನೋಡಿ ಎಂದೆ. ಬೇಗಿಮಾಯ್ ಆಗಲೇ ಅರ್ಜಿ ಹಾಕಿದ್ದಾಳಂತೆ, ಕೆಲಸದ ಜಾಗ ಎಂಬಲ್ಲಿ ನನ್ನ ಹೆಸರು ಕೊಟ್ಟು.

ಅಕ್ಟೋಬರ್ 31, ಶುಕ್ರವಾರ

ಕೊನೆಯ ಹಂಡೆ. ಇವತ್ತು ವೇಷ ಹಾಕುವ ಹಬ್ಬ, ಮಕ್ಕಳೆಲ್ಲ ದೆವ್ವ, ಕಡಲ್ಗಳ್ಳರಾಗಿ ಬಂದಿದ್ದರು. ಒಂದು ಮಗು ಬಿಳಿಮೀನಿನ ವೇಷ ಹಾಕಿತ್ತು. ಸಮಿತಿಯ ಅಧ್ಯಕ್ಷೆ ಎರಡು ತಟ್ಟೆ ತಿಂದು, ಅಂಗಳ ಇನ್ನೂ ಐದು ವರ್ಷ ನಿಮ್ಮದೇ ಎಂದು ಬರೆದ ಕಾಗದವನ್ನು ಬೆಣ್ಣೆಯ ಕೈಯಲ್ಲೇ ಕೊಟ್ಟಳು. ಪ್ಲಾಸ್ಟಿಕ್ ದೋಣಿಯವನಿಗೆ ಪಕ್ಕದ ಕೊಲ್ಲಿ ಕೊಟ್ಟಿದ್ದಾರೆ. ಅವನೂ ಊಟಕ್ಕೆ ಬಂದಿದ್ದ. ಒಳ್ಳೆಯ ಮನುಷ್ಯ, ಬಹಳ ತಿನ್ನುತ್ತಾನೆ.

ಇದನ್ನು ಬರೆಯಬೇಕು. ಮಧ್ಯಾಹ್ನ ಲೊರೇನ್ ಜೊತೆ ಆಲೂಗಡ್ಡೆ ತೊಳೆಯುತ್ತ, ಆವತ್ತು ಹಿಟ್ಟಿನ ಬಗ್ಗೆ ನಾನು ಹಾಗನ್ನಬಾರದಿತ್ತು ಎಂದೆ. ಅವಳು ತೊಳೆಯುವುದನ್ನು ನಿಲ್ಲಿಸಿದಳು.

"ಅದು ಹಿಟ್ಟಿನ ವಿಷಯ ಅಂತ ತಿಳ್ಕೊಂಡಿದ್ದೀಯಾ ನೀನು?"

"ಮತ್ತೇನು?"

"ಅಪ್ಪ ಈ ಹಂಡೆ ತಂದಾಗ ನಂಗೆ ನಾಲ್ಕು ವರ್ಷ. ಇಲ್ಲೇ ಕೂತು ನೋಡ್ತಿದ್ದೆ. ಅಪ್ಪ ಸೀಮೆಎಣ್ಣೆ ಡಬ್ಬಿನ ಹ್ಯಾರ್ಲನ್‌ಗೆ ಕೊಟ್ರು. ಹ್ಯಾರ್ಲನ್ ಹೋದ್ಮೇಲೆ ನೀನು ತಗೊಂಡೆ. ಲೊರೇನ್, ನೀನು ಒಂದ್ಸಲ ಎರಚ್ತೀಯಾ ಅಂತ ಯಾರೂ ಕೇಳ್ಲಿಲ್ಲ. ಪೈ ಮಾಡು ಅಂದ್ರು. ಮಾಡ್ದೆ."

ತೊಳೆದ ಆಲೂಗಡ್ಡೆಯನ್ನೇ ಮತ್ತೆ ತೊಳೆದೆ.

ಸಂಜೆ ನೊರೆ ಮೇಲೆ ಬಂತು. ಮಕ್ಕಳು ಹತ್ತರಿಂದ ಎಣಿಸತೊಡಗಿದರು. ಏಳು ಎನ್ನುವಾಗ ನಾನು ಹೋಗಿ ಡಬ್ಬಿಯನ್ನು ಲೊರೇನಳ ಕೈಗಿಟ್ಟೆ.

"ಏನಿದು?" ಎಂದಳು.

"ಬುಡಕ್ಕೆ ಎರಚು. ಗಾಳಿ ಹಿಂದಿನಿಂದ ಇದೆ. ಎರಚಿ ಹಿಂದಕ್ಕೆ ಬಾ."

"ಅರ್ಡಿಸ್, ಜನ ನೋಡ್ತಿದ್ದಾರೆ."

"ನೋಡ್ಲಿ. ನಾಲ್ಕು ಅಂತಿದ್ದಾರೆ, ಹೋಗು."

ಅವಳು ಒಂದಕ್ಕೆ ಕಾಯಲಿಲ್ಲ. ಎರಡು ಎನ್ನುವಾಗಲೇ ಇಡೀ ಡಬ್ಬಿ ಎರಚಿಬಿಟ್ಟಳು. ಉರಿ ದೋಣಿಮನೆಯ ಸೂರಿಗಿಂತ ಮೇಲೆ ಹೋಯಿತು. ಹಂಡೆ ನಾಲ್ಕೂ ಕಡೆಯಿಂದ ಉಕ್ಕಿ ಬೂದಿಯ ಮೇಲೆ ಬುಸುಗುಟ್ಟಿತು. ಎಪ್ಪತ್ತೊಂದು ವರ್ಷದ ಹೆಂಗಸು, ಕೈಯಲ್ಲಿ ಖಾಲಿ ಡಬ್ಬಿ, ಒಂದು ಹುಬ್ಬಿನ ತುದಿ ಕರಕಾಗಿ, ಬಾಯಿ ತೆರೆದು ನಿಂತಿದ್ದಳು. ಆಮೇಲೆ ನಗತೊಡಗಿದಳು. ರಸೆಲ್ ಬುಟ್ಟಿಯ ಕೋಲು ಹಿಡಿದು ಕಾಯುತ್ತಲೇ ಇದ್ದ. ಅವಳಿಗೆ ನಗು ನಿಲ್ಲಲಿಲ್ಲ. ಕಡೆಗೆ ಕೋಲಿನ ಇನ್ನೊಂದು ತುದಿಗೆ ನಾನೇ ಹೆಗಲು ಕೊಟ್ಟೆ.

ಒಂದೇ ಉಸಿರಲ್ಲಿ ಎದ್ದೆವು. ಒಂದು ತುಂಡೂ ಬೀಳಲಿಲ್ಲ.